ಇಂಗ್ಲೆಂಡಿನ ಹಳೆಯ ಬಂಗಲೆಯಲ್ಲಿ ಮಗಳ ಮದುವೆ: ಮುಂಗಡ ಕೊಡುವ ಮುನ್ನ ಏನೇನು ಕೇಳಬೇಕು?

ಪ್ರಶ್ನೆ: ನಾವು ರೆಡಿಂಗ್‌ನಲ್ಲಿದ್ದೇವೆ. ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಬ್ರಿಟಿಷ್ ಪ್ರಜೆ. ಅಳಿಯನಾಗುವವನು ಬೆಂಗಳೂರಿನ ಹುಡುಗ, ಕೆಲಸದ ವೀಸಾದ ಮೇಲೆ ಲಂಡನ್ನಿನಲ್ಲಿದ್ದಾನೆ. ಆಕ್ಸ್‌ಫರ್ಡ್‌ಶೈರ್‌ನಲ್ಲಿ 18ನೇ ಶತಮಾನದ ಒಂದು ಬಂಗಲೆ ಇಬ್ಬರಿಗೂ ಹಿಡಿಸಿದೆ. ಒಟ್ಟು 180 ಜನ, ಅದರಲ್ಲಿ 30 ಮಂದಿ ಮೈಸೂರಿನಿಂದ ಬರುವ ನೆಂಟರು. ಧಾರೆ, ಲಾಜಹೋಮ, ಸಪ್ತಪದಿ ಎಲ್ಲ ಶಾಸ್ತ್ರೋಕ್ತವಾಗಿ ಆಗಬೇಕು, ಊಟ ಬಾಳೆಲೆಯಲ್ಲಿ. ಬಂಗಲೆಯವರು ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಇನ್ನೂ ಕೊಡಬೇಡಿ. ಮೊದಲು ಒಂದು ಇಮೇಲ್ ಬರೆದು ಒಂದೇ ಪ್ರಶ್ನೆ ಕೇಳಿ: "ನಮ್ಮ ಮದುವೆಯಲ್ಲಿ ತುಪ್ಪ ಹಾಕಿ ಉರಿಸುವ ಸಣ್ಣ ಹೋಮಕುಂಡ ಇರುತ್ತದೆ, ಸುಮಾರು 45 ನಿಮಿಷ. ಅದನ್ನು ನಿಮ್ಮ ಜಾಗದಲ್ಲಿ ಎಲ್ಲಿ ಇಡಬಹುದು?" ಉಳಿದದ್ದೆಲ್ಲ ಈ ಉತ್ತರದ ಮೇಲೆ ನಿಂತಿದೆ. ಬಂಗಲೆ ತೋರಿಸುವ ಹುಡುಗಿ ನಗುನಗುತ್ತಾ "ಏಷ್ಯನ್ ಮದುವೆಗಳನ್ನು ಬಹಳ ಮಾಡಿದ್ದೇವೆ" ಎಂದರೆ ಅದು ಉತ್ತರವಲ್ಲ. ಆಕೆ ಮಾರಾಟ ವಿಭಾಗದವಳು. ಬೆಂಕಿಗೆ ಹೂಂ ಅನ್ನಬೇಕಾದವರು ಬಂಗಲೆಯ ವಿಮಾ ಕಂಪನಿ ಮತ್ತು 2005ರ ಅಗ್ನಿ ಸುರಕ್ಷತಾ ಆದೇಶದ ಪ್ರಕಾರ ಹೊಣೆ ಹೊತ್ತ ವ್ಯಕ್ತಿ. ಒಪ್ಪಿಗೆ ಬರಹದಲ್ಲಿರಬೇಕು, ಕರಾರಿನೊಳಗೇ ಸೇರಬೇಕು.

ಇವರು ಬೆಂಕಿ ಎಂದರೆ ಬೆಚ್ಚುವುದಕ್ಕೆ ಕಾರಣವಿದೆ. 1986ರಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಒಂದು ಭಾಗ ಸುಟ್ಟಿತು; ಕಾರಣ ಒಂದು ಮೇಣದ ಬತ್ತಿ ಎಂದೇ ನಂಬಲಾಗಿದೆ. 1989ರಲ್ಲಿ ಸಸೆಕ್ಸ್‌ನ ಅಪ್‌ಪಾರ್ಕ್ ಬಂಗಲೆಯ ಚಾವಣಿಯ ಸೀಸದ ತಗಡನ್ನು ಬೆಸೆಯುವಾಗ ಬೆಂಕಿ ಹತ್ತಿತು. 1992ರಲ್ಲಿ ವಿಂಡ್ಸರ್ ಕೋಟೆಯಲ್ಲಿ ದೀಪದ ಬಿಸಿಗೆ ಪರದೆ ಹೊತ್ತಿಕೊಂಡಿತು. 2015ರ ಏಪ್ರಿಲ್‌ನಲ್ಲಿ ಸರ್‍ರೆಯ ಕ್ಲ್ಯಾಂಡನ್ ಪಾರ್ಕ್, ಮದುವೆಗಳಿಗೆ ಬಾಡಿಗೆಗೆ ಕೊಡುತ್ತಿದ್ದ ಬಂಗಲೆಯೇ, ನೆಲಮಾಳಿಗೆಯ ವಿದ್ಯುತ್ ಬೋರ್ಡಿನ ದೋಷದಿಂದ ಉರಿದು ಬರೀ ಗೋಡೆಗಳಾಗಿ ಉಳಿಯಿತು. ಹಳೆಯ ಮನೆಗಳ ಗೋಡೆಗಳೊಳಗೆ, ಮರದ ಹಲಗೆಗಳ ಹಿಂದೆ, ಚಾವಣಿಯ ಮೇಲೆ ಪೊಳ್ಳು ಜಾಗಗಳಿರುತ್ತವೆ. ಒಂದು ಕಡೆ ಹೊತ್ತಿದ ಬೆಂಕಿ ಅಲ್ಲಿಂದ ಕಣ್ಣಿಗೆ ಕಾಣದಂತೆ ಇನ್ನೊಂದು ಮೂಲೆಗೆ ಹೋಗಿಬಿಡುತ್ತದೆ.

ನಿಮಗೆ ಸಿಗುವ ಉತ್ತರ ಮೂರರಲ್ಲೊಂದು. "ಒಳಗೇ ಇಡಿ" ಎಂದರೆ ಖುಷಿಪಡುವ ಬದಲು ವಿಮೆಯ ಒಪ್ಪಿಗೆ ಪತ್ರ ಕೇಳಿ. ಹಳೆಯ ಮರ, ರೇಷ್ಮೆ, ತೈಲಚಿತ್ರಗಳ ನಡುವೆ ತುಪ್ಪದ ಹೊಗೆಗೆ ಅಷ್ಟು ಸುಲಭವಾಗಿ ಒಪ್ಪುವವರು ಮುಹೂರ್ತಕ್ಕೆ ಒಂದು ವಾರ ಇರುವಾಗ ಮಾತು ಬದಲಿಸಿದರೆ ಆಶ್ಚರ್ಯವಿಲ್ಲ. "ಬೇಡವೇ ಬೇಡ, ವಿದ್ಯುತ್ ದೀಪದ ಕುಂಡ ಇಟ್ಟುಕೊಳ್ಳಿ" ಎಂದರೆ ಪುರೋಹಿತರನ್ನು ಕೇಳುವ ಅಗತ್ಯವೂ ಇಲ್ಲ, ಬೇರೆ ಬಂಗಲೆ ನೋಡಿ. ವಾಟ್‌ಫರ್ಡ್ ಬಳಿಯ ಭಕ್ತಿವೇದಾಂತ ಮ್ಯಾನರ್ ಒಂದು ದಾರಿ. ಅದೂ ಇಂಗ್ಲಿಷ್ ಹಳ್ಳಿ ಬಂಗಲೆಯೇ, 1973ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಇಸ್ಕಾನ್‌ಗೆ ಕೊಟ್ಟದ್ದು. ಹಿಂದೂ ಮದುವೆಗಳು ಅಲ್ಲಿ ವಾಡಿಕೆ. ಮೂರನೆಯ ಉತ್ತರ "ಹೊರಗೆ ಇಡಬಹುದು". ನನ್ನ ಮಟ್ಟಿಗೆ ಇದೇ ಅತ್ಯುತ್ತಮ, ಇದನ್ನೇ ಹಿಡಿದುಕೊಳ್ಳಿ. ಶಾಸ್ತ್ರಗಳು ಹುಲ್ಲುಹಾಸಿನ ಮೇಲಿನ ಶಾಮಿಯಾನದಲ್ಲಿ ಆಗಲಿ. ಬಂಗಲೆ ಫೋಟೋಗೆ, ಹಿರಿಯರು ಕೂರುವುದಕ್ಕೆ, ಸಂಜೆಯ ಆರತಕ್ಷತೆಗೆ ಇರಲಿ.

ಶಾಮಿಯಾನದಲ್ಲೂ ಕುಂಡವನ್ನು ಮನಬಂದಂತೆ ಇಡುವ ಹಾಗಿಲ್ಲ. ಒಂದಡಿ ಚೌಕದ ತಾಮ್ರದ ಕುಂಡ ಸಾಕು. ಅದರ ಕೆಳಗೆ ಮರಳು ತುಂಬಿದ ತಟ್ಟೆ, ತಟ್ಟೆಯ ಕೆಳಗೆ ಕಾಂಕ್ರೀಟ್ ಚಪ್ಪಡಿ. ಶಾಮಿಯಾನದ ನೆಲ ಸಾಮಾನ್ಯವಾಗಿ ಪ್ಲೈವುಡ್, ಅದರ ಮೇಲೆ ಕಾರ್ಪೆಟ್. ಚಪ್ಪಡಿ ಇಲ್ಲದಿದ್ದರೆ ಬಿಸಿ ಇಳಿದು ಕಾರ್ಪೆಟ್ ಕರಗುತ್ತದೆ. ಮಂಟಪ 12 ಅಡಿ ಚೌಕವಿರಲಿ, ಸಪ್ತಪದಿಗೆ ಸೆರಗು ಬೆಂಕಿಗೆ ತಾಗದಂತೆ ಸುತ್ತು ಬರಲು ಅಷ್ಟು ಬೇಕು. ಕುಂಡದ ನೇರ ಮೇಲೆ ಹೂವಿನ ತೋರಣವಾಗಲಿ ಬಟ್ಟೆಯಾಗಲಿ ಬೇಡ. ಆ ಬದಿಯ ಶಾಮಿಯಾನದ ಗೋಡೆ ತೆಗೆದಿರಲಿ, ಹೊಗೆ ಹೋಗಲು. ಶಾಮಿಯಾನದವರಿಂದ ಬಟ್ಟೆ ಬೆಂಕಿ ತಡೆಯುವಂಥದ್ದು ಎಂಬ ಪ್ರಮಾಣಪತ್ರವನ್ನು ಈಗಲೇ ತರಿಸಿಕೊಳ್ಳಿ, ಬಂಗಲೆಯವರು ಕೇಳಿಯೇ ಕೇಳುತ್ತಾರೆ. ಪಕ್ಕದಲ್ಲಿ ಅಗ್ನಿಶಾಮಕ ಹೊದಿಕೆ ಹಿಡಿದ ಒಬ್ಬ ಮನುಷ್ಯ ನಿಂತಿರಬೇಕು. ನೆಂಟರ ಹುಡುಗನಲ್ಲ, ಅದಕ್ಕೆಂದೇ ನೇಮಿಸಿದವನು. ಉರಿಯುವ ತುಪ್ಪಕ್ಕೆ ನೀರು ಸುರಿದರೆ ಸಿಡಿಯುತ್ತದೆ ಎಂದು ಅವನಿಗೆ ಮೊದಲೇ ಹೇಳಿ. ಬೂದಿಯನ್ನು ಮುಚ್ಚಳವಿರುವ ತಗಡಿನ ಬಕೆಟ್‌ಗೆ ಹಾಕಿ ರಾತ್ರಿಯಿಡೀ ಹೊರಗಿಡಿ. ಆರಿದಂತೆ ಕಂಡ ಕೆಂಡ ಕಸದ ಚೀಲದಲ್ಲಿ ಹೊತ್ತಿಕೊಳ್ಳುವುದು ಹೊಸ ಸಂಗತಿಯಲ್ಲ. ಬಂಗಲೆಯೊಳಗೆ ಕರ್ಪೂರದ ಆರತಿ, ಊದುಬತ್ತಿ ಎರಡೂ ಬೇಡ. ಹೊಗೆ ಪತ್ತೆ ಮಾಡುವ ಯಂತ್ರ ಕೂಗಿದರೆ ಮದುವೆ ಮನೆಯವರೆಲ್ಲ ಹೊರಗೆ ಹೋಗಿ ನಿಲ್ಲಬೇಕಾಗುತ್ತದೆ, ಮುಹೂರ್ತ ಕಾಯುವುದಿಲ್ಲ.

ಶಾಮಿಯಾನದ ಅಳತೆಯೂ ಹೇಳಿಬಿಡುತ್ತೇನೆ. 180 ಜನ ಕೂತು ಉಣ್ಣಲು ತಲೆಗೆ ಒಂದೂವರೆ ಚದರ ಮೀಟರಿನಂತೆ 270 ಚದರ ಮೀಟರ್. ಮಂಟಪ, ಓಲಗದವರು, ಓಡಾಟ ಸೇರಿ 12 ಮೀಟರ್ ಅಗಲ, 30 ಮೀಟರ್ ಉದ್ದ ಹಿಡಿಯಿರಿ. ಹಳೆಯ ತೋಟಗಳಲ್ಲಿ ನೆಲಕ್ಕೆ ಗೂಟ ಹೊಡೆಯಲು ಬಿಡದಿರಬಹುದು. ಕೆಳಗೆ ಕೊಳವೆಗಳಿರುತ್ತವೆ, ಹಳೆಯ ಅಡಿಪಾಯಗಳಿರುತ್ತವೆ. ಹಾಗಿದ್ದರೆ ಭಾರದ ದಿಮ್ಮಿಗಳಿಂದ ನಿಲ್ಲಿಸುವ ಚೌಕಟ್ಟಿನ ಶಾಮಿಯಾನವೇ ಆಗಬೇಕು, ಅದಕ್ಕೆ ಖರ್ಚು ಹೆಚ್ಚು. ಸಂರಕ್ಷಿತ ಕಟ್ಟಡದ ಅಂಗಳದಲ್ಲಿ ಶಾಮಿಯಾನ ಹಾಕಲು ಸ್ಥಳೀಯ ಆಡಳಿತದ ಅನುಮತಿ ಇದೆಯೇ ಎಂದೂ ಕೇಳಿ. ಅದು ಬಂಗಲೆಯವರ ಕೆಲಸ, ನಿಮ್ಮದಲ್ಲ. ಆದರೆ ಅನುಮತಿ ಇಲ್ಲದಿದ್ದರೆ ಪಾಡು ಪಡುವವರು ನೀವು.

ಎರಡನೆಯದು ಹೊತ್ತು. ಬೆಂಗಳೂರಿನಲ್ಲಿ ಛತ್ರ ಹಿಡಿದರೆ ಹಿಂದಿನ ಸಂಜೆಯೇ ಬೀಗದ ಕೈ, ಪಾತ್ರೆ, ಕೋಣೆ ಎಲ್ಲ ನಿಮ್ಮದು. ಇಲ್ಲಿ ಕರಾರಿನಲ್ಲಿ ಸಾಮಾನ್ಯವಾಗಿ ಬರೆದಿರುವುದು ಬೆಳಿಗ್ಗೆ ಹತ್ತೋ ಹನ್ನೆರಡೋ ಗಂಟೆಯಿಂದ ನಡುರಾತ್ರಿಯವರೆಗೆ. ಇಂಗ್ಲಿಷರ ಮದುವೆಗೆ ಅದು ಸರಿ: ಮಧ್ಯಾಹ್ನ ವಿಧಿ, ನಾಲ್ಕಕ್ಕೆ ಊಟ, ರಾತ್ರಿ ಕುಣಿತ. ನಿಮ್ಮದು ಬೆಳಿಗ್ಗೆ ಎಂಟರ ಮುಹೂರ್ತವಾದರೆ ಹುಡುಗಿಯ ಅಲಂಕಾರ ಐದಕ್ಕೆ ಶುರುವಾಗಬೇಕು, ಮಂಟಪ ಹಿಂದಿನ ದಿನವೇ ಎದ್ದಿರಬೇಕು. ಅಂದರೆ ನೀವು ಹಿಡಿಯುವುದು ಒಂದು ದಿನವಲ್ಲ, ಎರಡು. ಬೆಳಗಿನ ಐದರಿಂದ ರಾತ್ರಿ ಹನ್ನೆರಡರವರೆಗೆ ಸಿಬ್ಬಂದಿಗೆ ಎರಡು ಪಾಳಿ ಬೇಕು, ಅದನ್ನೂ ಬಿಲ್ಲಿಗೆ ಸೇರಿಸುತ್ತಾರೆ. ಇದನ್ನು ಮೊದಲೇ ಹೇಳಿ ದರ ಕೇಳಿ, ಬರೀ "ಮದುವೆಗೆ ಎಷ್ಟು?" ಎಂದರೆ ಇಂಗ್ಲಿಷ್ ಮದುವೆಯ ದರ ಹೇಳುತ್ತಾರೆ.

ಮುಹೂರ್ತ ಇಡಿಸುವಾಗ ಪುರೋಹಿತರಿಗೆ ಬಂಗಲೆಯಿರುವ ಊರಿನ ಅಕ್ಷಾಂಶ ರೇಖಾಂಶ ಕೊಡಿ, ಮೈಸೂರಿನ ಪಂಚಾಂಗದಿಂದ ಗಂಟೆ ಕಳೆದರೆ ಆಗುವುದಿಲ್ಲ. ಉತ್ತರಕ್ಕೆ ಹೋದಷ್ಟೂ ಲಗ್ನಗಳ ಅವಧಿ ಏರುಪೇರಾಗುತ್ತದೆ. ಮೀನ ಲಗ್ನ ಬೆಂಗಳೂರಿನಲ್ಲಿ ಸುಮಾರು 1 ಗಂಟೆ 40 ನಿಮಿಷ ಇದ್ದರೆ ಆಕ್ಸ್‌ಫರ್ಡ್‌ನಲ್ಲಿ ಸುಮಾರು 50 ನಿಮಿಷಕ್ಕೇ ಮುಗಿಯುತ್ತದೆ. ಕನ್ಯಾ, ಸಿಂಹದಂಥ ಲಗ್ನಗಳು ಅಷ್ಟೇ ಉದ್ದವಾಗುತ್ತವೆ. ಈ ದೇಶದಲ್ಲಿ ಎಲ್ಲವೂ ಹತ್ತು ನಿಮಿಷ ಆಚೀಚೆ ಆಗುವುದರಿಂದ, ಆಯ್ಕೆ ಇದ್ದರೆ ಉದ್ದದ ಲಗ್ನವನ್ನೇ ಕೇಳಿಕೊಳ್ಳಿ. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಸರಿಯುತ್ತದೆ, ಅದನ್ನೂ ನೆನಪಿಸಿ.

ದಿನದ ಬಗ್ಗೆ ಒಂದು ಮಾತು. ಆಷಾಢದಲ್ಲಿ ನಾವು ಮದುವೆ ಮಾಡುವುದಿಲ್ಲ, ಆದರೆ ಇಂಗ್ಲಿಷರಿಗೆ ಅದೇ ಭರಾಟೆಯ ಕಾಲ, ಹಾಗಾಗಿ ನಮ್ಮ ಆಷಾಢದಿಂದ ಯಾವ ರಿಯಾಯಿತಿಯೂ ಇಲ್ಲ. ಲಾಭವಿರುವುದು ಕಾರ್ತೀಕದಲ್ಲಿ. ತುಳಸಿ ಹಬ್ಬ ಕಳೆದು ಧನುರ್ಮಾಸ ಹಿಡಿಯುವವರೆಗೆ, ಅಂದರೆ ನವೆಂಬರ್‌ನಲ್ಲಿ, ನಮಗೆ ಮುಹೂರ್ತಗಳಿವೆ, ಅವರಿಗೆ ಗಿರಾಕಿಗಳಿಲ್ಲ. ಡಿಸೆಂಬರ್ ಬಂತೆಂದರೆ ಕ್ರಿಸ್‌ಮಸ್ ಪಾರ್ಟಿಗಳು ಶುರು. ನವೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು, ಶಾಮಿಯಾನಕ್ಕೆ ಬಿಸಿಗಾಳಿಯ ಯಂತ್ರ ಬೇಕು. ಬೆಳಗಿನ ಮುಹೂರ್ತವಾದ್ದರಿಂದ ಫೋಟೋಗೆ ತೊಂದರೆಯಿಲ್ಲ.

ಇನ್ನು ಕಾನೂನು. ಬಂಗಲೆಯಲ್ಲಿ ಎಷ್ಟೇ ಶಾಸ್ತ್ರೋಕ್ತವಾಗಿ ಮಾಂಗಲ್ಯಧಾರಣೆಯಾದರೂ ಇಂಗ್ಲೆಂಡಿನ ಕಾನೂನಿನ ಲೆಕ್ಕದಲ್ಲಿ ಅದು ಮದುವೆಯಲ್ಲ. 1995ರಿಂದ ಇಂಥ ಬಂಗಲೆಗಳಿಗೆ ಮಾನ್ಯತೆ ಪಡೆದು ರಿಜಿಸ್ಟ್ರಾರ್ ಎದುರು ಮದುವೆ ನಡೆಸುವ ಅವಕಾಶವಿದೆ. ಆದರೆ ಆ ವಿಧಿಯಲ್ಲಿ ಧಾರ್ಮಿಕ ಅಂಶ ಇರುವಂತಿಲ್ಲ. ಮಂತ್ರವೂ ಇಲ್ಲ, ಪುರೋಹಿತರೂ ಇಲ್ಲ. 2021ರ ಜುಲೈನಿಂದ ಅದನ್ನು ಮಾನ್ಯತೆ ಪಡೆದ ಬಂಗಲೆಯ ತೋಟದಲ್ಲೂ ಮಾಡಬಹುದು. ಒಳಗೆ ಮಾಡುವುದಾದರೆ ಯಾವ ಕೋಣೆಗೆ ಮಾನ್ಯತೆ ಇದೆ, ಎಷ್ಟು ಜನಕ್ಕೆ ಎಂದು ಕೇಳಿ. 18ನೇ ಶತಮಾನದ ಬಂಗಲೆಯ ದಿವಾನಖಾನೆಯಲ್ಲಿ 180 ಜನ ಹಿಡಿಯುವುದು ಅಪರೂಪ. ರಿಜಿಸ್ಟ್ರಾರ್ ಸ್ಥಳೀಯ ಕೌನ್ಸಿಲಿನವರು. ಅವರನ್ನು ನೀವೇ ಪ್ರತ್ಯೇಕವಾಗಿ ಕಾದಿರಿಸಿ ಶುಲ್ಕ ಕಟ್ಟಬೇಕು, ಬಂಗಲೆಯ ಬಾಡಿಗೆಯಲ್ಲಿ ಅದು ಸೇರಿರುವುದಿಲ್ಲ.

ನನ್ನ ಸಲಹೆ ಬೇರೆ. ರಿಜಿಸ್ಟ್ರಾರ್ ಕೆಲಸವನ್ನು ಮದುವೆಗೆ ಮೊದಲೇ, ಶನಿವಾರ ಭಾನುವಾರ ಬಿಟ್ಟು ಒಂದು ದಿನ, ನಿಮ್ಮೂರಿನ ರಿಜಿಸ್ಟರ್ ಆಫೀಸಿನಲ್ಲಿ ಇಬ್ಬರು ಸಾಕ್ಷಿಗಳನ್ನಿಟ್ಟು ಮುಗಿಸಿಬಿಡಿ. ಖರ್ಚು ತೀರಾ ಕಡಿಮೆ. ಮದುವೆಯ ದಿನ ಮುಹೂರ್ತಕ್ಕೂ ರಿಜಿಸ್ಟ್ರಾರ್ ಕೊಟ್ಟ ಹೊತ್ತಿಗೂ ನಡುವೆ ನೀವು ಓಡಾಡುವುದು ತಪ್ಪುತ್ತದೆ. ಆದರೆ ಬಿಟ್ಟೇಬಿಡಬೇಡಿ. ಬರೀ ಧಾರ್ಮಿಕ ವಿಧಿಯಾಗಿ ನೋಂದಣಿಯಾಗದ ಮದುವೆ ಇಲ್ಲಿನ ಕಾನೂನಿನಲ್ಲಿ ಅಸಿಂಧು ಮದುವೆಯೂ ಅಲ್ಲ, ಮದುವೆಯೇ ಅಲ್ಲ ಎಂದು 2020ರಲ್ಲಿ ಇಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿದೆ. ನಾಳೆ ಹೆಚ್ಚುಕಡಿಮೆಯಾದರೆ ಹುಡುಗಿಗೆ ಹೆಂಡತಿಯೆಂಬ ನೆಲೆಯಲ್ಲಿ ಯಾವ ಹಕ್ಕೂ ಇರುವುದಿಲ್ಲ.

ಹುಡುಗ ಭಾರತದ ಪ್ರಜೆಯಾದ್ದರಿಂದ ಇಬ್ಬರೂ ಒಟ್ಟಿಗೇ ರಿಜಿಸ್ಟರ್ ಆಫೀಸಿಗೆ ಹೋಗಿ, ಮದುವೆಯಾಗುತ್ತೇವೆ ಎಂಬ ನೋಟಿಸ್ ಕೊಡಬೇಕು. ಸಾಮಾನ್ಯ ಕಾಯುವ ಅವಧಿ 28 ದಿನ, ಗೃಹ ಇಲಾಖೆ ಅದನ್ನು 70 ದಿನಕ್ಕೆ ಏರಿಸಬಹುದು. ನೋಟಿಸ್ 12 ತಿಂಗಳು ಚಾಲ್ತಿಯಲ್ಲಿರುತ್ತದೆ. ಆದ್ದರಿಂದ ನಾಲ್ಕೈದು ತಿಂಗಳು ಮುಂಚೆಯೇ ಕೊಟ್ಟುಬಿಡಿ. ಮೈಸೂರಿನ ನೆಂಟರಿಗೆ ಸಾಮಾನ್ಯ ಸಂದರ್ಶಕ ವೀಸಾ ಸಾಕು. ಪ್ರಯಾಣಕ್ಕೆ ಮೂರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು.

ಓಲಗದ ವಿಷಯಕ್ಕೆ ಬರೋಣ. ಎಷ್ಟೋ ಬಂಗಲೆಗಳಲ್ಲಿ ಶಬ್ದಮಿತಿಯ ಯಂತ್ರ ಕೂರಿಸಿರುತ್ತಾರೆ. ಗದ್ದಲ ಗೊತ್ತುಮಾಡಿದ ಮಟ್ಟ ದಾಟಿ ಕೆಲವು ಸೆಕೆಂಡು ನಿಂತರೆ ಅದು ವೇದಿಕೆಯ ವಿದ್ಯುತ್ತನ್ನೇ ಕಡಿಯುತ್ತದೆ. ಈಗ ಮಾಂಗಲ್ಯಧಾರಣೆಯ ಕ್ಷಣ ಯೋಚಿಸಿ. ಪುರೋಹಿತರು ಕೈಯೆತ್ತಿ "ಗಟ್ಟಿಮೇಳ" ಅನ್ನುತ್ತಾರೆ, ಡೋಲು ನಾದಸ್ವರ ಒಟ್ಟಿಗೆ ಏರುತ್ತವೆ, ಯಂತ್ರದ ಕೆಂಪು ದೀಪ ಹತ್ತುತ್ತದೆ, ಮೈಕು ಸಾಯುತ್ತದೆ. ಮೈಸೂರಿನಲ್ಲಿ ಕೂತು ನೇರಪ್ರಸಾರ ನೋಡುತ್ತಿದ್ದ ಅಜ್ಜಿಯ ಪರದೆ ಕಪ್ಪಾಗುತ್ತದೆ. ಡೋಲಿಗೆ ವಿದ್ಯುತ್ ಬೇಡ, ಅದು ಮಾತ್ರ ಬಾರಿಸುತ್ತಲೇ ಇರುತ್ತದೆ. ಮಿತಿ ಎಷ್ಟು ಡೆಸಿಬೆಲ್, ಅಳೆಯುವ ಮೈಕು ಎಲ್ಲಿದೆ, ಯಾವ ಯಾವ ಪ್ಲಗ್ಗುಗಳು ಅದರ ಕೆಳಗಿವೆ ಎಂದು ಕೇಳಿ. ಪುರೋಹಿತರ ಮೈಕು ಮತ್ತು ಕ್ಯಾಮೆರಾಗಳನ್ನು ಬೇರೆ ಸಾಲಿನಿಂದ ಅಥವಾ ಬಾಡಿಗೆ ಜನರೇಟರಿನಿಂದ ಎಳೆಯಿರಿ. ಸಂಗೀತಕ್ಕೆ ರಾತ್ರಿ ಹನ್ನೊಂದು ಸಾಮಾನ್ಯ ಗಡಿ; ಅದರಾಚೆ ಏನಿದೆ ಎಂಬುದು ಬಂಗಲೆಯ ಪರವಾನಗಿಯಲ್ಲಿ ಬರೆದಿರುತ್ತದೆ. ಕುಣಿತವನ್ನು ಮೇಲಿನ ಮಹಡಿಯಲ್ಲಿ ಇಟ್ಟುಕೊಳ್ಳಬೇಡಿ. ಹಳೆಯ ಚಾವಣಿಗಳಲ್ಲಿ ಗಾರೆ ಮರದ ಪಟ್ಟಿಗಳ ಸಂದಿಯಲ್ಲಿ ಕಚ್ಚಿಕೊಂಡಿರುತ್ತದೆ ಅಷ್ಟೇ. ಮೇಲೆ ನೂರು ಜನ ಒಂದೇ ತಾಳಕ್ಕೆ ಹೆಜ್ಜೆ ಹಾಕಿದರೆ ಆ ಕಚ್ಚು ಮುರಿದು ಕೆಳಗಿನ ಕೋಣೆಯ ಚಿತ್ತಾರ ಉದುರುತ್ತದೆ.

ಊಟ. ತಮ್ಮ ಪಟ್ಟಿಯಲ್ಲಿರುವ ಅಡುಗೆಯವರನ್ನೇ ಕರೆಯಬೇಕು ಎಂಬ ಷರತ್ತು ಬಹುತೇಕ ಕಡೆ ಇದೆ. ಆ ಪಟ್ಟಿಯ "ಇಂಡಿಯನ್" ಎಂದರೆ ಪಂಜಾಬಿ ಅಥವಾ ಗುಜರಾತಿ. ಹುಳಿ, ಗೊಜ್ಜು, ಹೋಳಿಗೆ, ಕೋಸಂಬರಿ ಅವರಿಗೆ ಗೊತ್ತಿರುವುದು ಕಷ್ಟ. ಹೊರಗಿನ ಭಟ್ಟರನ್ನು ಕರೆಸಲು ಎಷ್ಟು ಹೆಚ್ಚುವರಿ ಶುಲ್ಕ ಎಂದು ಈಗಲೇ ಮಾತಾಡಿ. ಅವರಿಗೆ ಕೌನ್ಸಿಲಿನ ಆಹಾರ ನೈರ್ಮಲ್ಯ ಶ್ರೇಣಿ ಇರಬೇಕು, ಸಾರ್ವಜನಿಕ ಹೊಣೆಯ ವಿಮೆ ಇರಬೇಕು. 50 ಲಕ್ಷ ಅಥವಾ 1 ಕೋಟಿ ಪೌಂಡಿನದ್ದನ್ನು ಕೇಳುವುದು ವಾಡಿಕೆ. ಬಂಗಲೆಯ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಘಾಟಿಗೆ ಅಲಾರಂ ಕೂಗುತ್ತದೆ, ಬೋಂಡಾ ಕರಿಯಲು ಬಿಡುವುದೂ ಇಲ್ಲ. ದೊಡ್ಡ ಶಾಮಿಯಾನಕ್ಕೆ ತಾಗದಂತೆ ಅಡುಗೆಗೆ ಬೇರೆ ಡೇರೆ ಹಾಕಿಸಿ. ಬಿಸಿ ಪದಾರ್ಥ 63 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ ಇಡಬೇಕೆಂದು ಇಲ್ಲಿನ ನಿಯಮ. ಅನ್ನವನ್ನು ಉಗುರುಬೆಚ್ಚಗೆ ಗಂಟೆಗಟ್ಟಲೆ ಬಿಟ್ಟು ಕೊನೆಗೆ ಮೊಸರನ್ನ ಕಲೆಸುವ ಅಭ್ಯಾಸ ಇಲ್ಲಿ ಬೇಡ, ಹೊಟ್ಟೆ ಕೆಡಿಸುವ ಬ್ಯಾಸಿಲಸ್ ಎಂಬ ರೋಗಾಣುವಿಗೆ ಅದೇ ಹಬ್ಬ.

ಎಲೆ ಊಟಕ್ಕೆ ದುಂಡು ಮೇಜು ನಡೆಯುವುದಿಲ್ಲ. ಆರಡಿಯ ಉದ್ದ ಮೇಜು ತರಿಸಿ, ಒಂದೇ ಬದಿಗೆ ಮೂರು ಎಲೆ ಹಾಕಿ, ಎದುರಿನಿಂದ ಬಡಿಸಬೇಕಲ್ಲ. 90 ಜನದ ಎರಡು ಪಂಕ್ತಿಯಾದರೆ 30 ಮೇಜು. ಸಾಲುಗಳ ನಡುವೆ ಸಾರಿನ ಬಕೆಟ್ ಹಿಡಿದವನು ತಿರುಗಲು 1.2 ಮೀಟರ್ ಬಿಡಿ. ಹೆಚ್ಚಿನವರು ಮರೆಯುವುದು ಕೈ ತೊಳೆಯುವುದನ್ನು. ಕೈಯಲ್ಲಿ ಉಂಡ 90 ಜನ ಒಟ್ಟಿಗೆ ಏಳುತ್ತಾರೆ, ಬಂಗಲೆಯಲ್ಲಿ ಇರುವುದು ನಾಲ್ಕೈದು ಬಚ್ಚಲು. ಸಾರು ಕೈಯವರು ಸಾಲು ನಿಂತು ಹಿತ್ತಾಳೆಯ ಹಿಡಿಕೆ, ರೇಷ್ಮೆ ಪರದೆ ಮುಟ್ಟುತ್ತಾರೆ. ಶಾಮಿಯಾನದ ಹಿಂದೆಯೇ ಬಿಸಿನೀರಿನ ನಲ್ಲಿಗಳಿರುವ ಉದ್ದನೆಯ ತೊಟ್ಟಿಯನ್ನು ಬಾಡಿಗೆಗೆ ತನ್ನಿ. ಶೌಚಾಲಯದ ಟ್ರೈಲರೂ ಬೇಕು. ಹಳ್ಳಿಯ ಬಂಗಲೆಗಳಲ್ಲಿ ಅನೇಕವಕ್ಕೆ ಊರಿನ ಒಳಚರಂಡಿಯಿಲ್ಲ, ಸೆಪ್ಟಿಕ್ ಟ್ಯಾಂಕು. ಅದು ಮನೆಮಂದಿಯ ಲೆಕ್ಕಕ್ಕೆ ಕಟ್ಟಿದ್ದು.

ಅರಿಶಿನವೇ ಠೇವಣಿ ನುಂಗುವುದು. ಆ ಪ್ರದೇಶದ ಸುಣ್ಣಕಲ್ಲು ಬಣ್ಣ ಹೀರುತ್ತದೆ. ಮದುಮಕ್ಕಳಿಗೆ ಆರತಿ ಎತ್ತಿ ಕೆಂಪು ನೀರನ್ನು ಬಂಗಲೆಯ ಮೆಟ್ಟಿಲ ಮೇಲೆ ಚೆಲ್ಲಿದರೆ ಅದನ್ನು ತೆಗೆಯಲು ಕಲ್ಲಿನ ತಜ್ಞರೇ ಬರಬೇಕು, ಬಿಲ್ಲು ನಿಮಗೆ. ಆ ಕೆಲಸವನ್ನು ಹುಲ್ಲಿನ ಮೇಲೆ ಮಾಡಿಸಿ, ಸೋದರತ್ತೆಯರಿಗೆ ಹಿಂದಿನ ದಿನವೇ ಹೇಳಿ. ಅಕ್ಷತೆಗೆ ಅರಿಶಿನ ತೀರಾ ತೆಳುವಾಗಿರಲಿ, ಪೂರ್ತಿ ಒಣಗಿರಲಿ, ಶಾಮಿಯಾನದೊಳಗೆ ಮಾತ್ರ. ಮರದ ನೆಲದ ಮೇಲೆ ಅಕ್ಕಿ ಚೆಲ್ಲಿದರೆ ವಯಸ್ಸಾದವರು ಜಾರುತ್ತಾರೆ. ಅರಿಶಿನ ಶಾಸ್ತ್ರವನ್ನು ಬಂಗಲೆಯಲ್ಲಿ ಮಾಡುವ ಯೋಚನೆಯಿದ್ದರೆ ಬಿಟ್ಟುಬಿಡಿ, ನಿಮ್ಮ ಮನೆಯಂಗಳವೇ ಸರಿ.

ಕೊನೆಗೆ ಹಣ. ಹೇಳಿದ ದರಕ್ಕೆ 20 ಶೇಕಡಾ ವ್ಯಾಟ್ ಸೇರಿದೆಯೇ ನೋಡಿ. ಮದುವೆ ರದ್ದಾದರೆ ಎಷ್ಟು ತಿಂಗಳ ಮುಂಚೆ ಎಷ್ಟು ವಾಪಸ್ಸು ಎಂಬ ಮೆಟ್ಟಿಲು ಮೆಟ್ಟಿಲಾದ ಪಟ್ಟಿ ಕರಾರಿನಲ್ಲಿರಬೇಕು. "ಕೊಟ್ಟ ಹಣ ಯಾವ ಕಾರಣಕ್ಕೂ ಹಿಂತಿರುಗದು" ಎಂಬ ಒಂದೇ ಸಾಲು 2015ರ ಗ್ರಾಹಕ ಹಕ್ಕುಗಳ ಕಾಯಿದೆಯ ಮುಂದೆ ನಿಲ್ಲುವುದು ಕಷ್ಟ. ಬಂಗಲೆಯವರು ತಮಗಾದ ನಿಜವಾದ ನಷ್ಟದಷ್ಟನ್ನು ಮಾತ್ರ ಹಿಡಿದುಕೊಳ್ಳಬಹುದು ಎಂಬುದು ಅದರ ಧೋರಣೆ. ಬೆಂಕಿ, ಹೊತ್ತು, ಹೊರಗಿನ ಭಟ್ಟರು, ಓಲಗ ಈ ನಾಲ್ಕಕ್ಕೂ ಬರಹದ ಒಪ್ಪಿಗೆ ಕೈಗೆ ಬಂದ ಮೇಲೆ ಮುಂಗಡವನ್ನು ಕ್ರೆಡಿಟ್ ಕಾರ್ಡಿನಿಂದ ಕಟ್ಟಿ. ದರ 100 ಪೌಂಡಿಗಿಂತ ಹೆಚ್ಚು, 30,000 ಪೌಂಡಿನೊಳಗೆ ಇದ್ದರೆ, ಮುಂಗಡವನ್ನಷ್ಟೇ ಕಾರ್ಡಿನಿಂದ ಕಟ್ಟಿದ್ದರೂ ಇಡೀ ಮೊತ್ತಕ್ಕೆ 1974ರ ಗ್ರಾಹಕ ಸಾಲ ಕಾಯಿದೆಯ 75ನೇ ಕಲಮಿನ ರಕ್ಷಣೆಯಿದೆ. ಬಂಗಲೆಯವರು ದಿವಾಳಿಯಾದರೆ ಬ್ಯಾಂಕು ಉತ್ತರ ಕೊಡಬೇಕು. ಆದರೆ ಇಲ್ಲೊಂದು ತೊಡಕಿದೆ: ಕಾರ್ಡು ಅಪ್ಪನದು, ಕರಾರಿಗೆ ಸಹಿ ಮಗಳದು ಆದರೆ, ಅಥವಾ ಹಣ ಮಧ್ಯದ ವೆಡ್ಡಿಂಗ್ ಪ್ಲಾನರ್ ಮೂಲಕ ಹೋದರೆ, ಆ ರಕ್ಷಣೆ ಕಳಚಿಹೋಗುವ ಸಂಭವವಿದೆ. ಕಾರ್ಡಿನ ಮೇಲೆ ಯಾರ ಹೆಸರಿದೆಯೋ ಅವರೇ ಕರಾರಿಗೆ ಸಹಿ ಹಾಕಲಿ.